ಬಲದಂಡೆಗೆ ಮೂರು ಅಂಕ

ಜೂನ್ ಮೊದಲ ವಾರ ಇಬ್ಬರು ಗುತ್ತಿಗೆ ಆಳುಗಳು ಬಂದು ಹೊಳೆಗೇರಿಯ ಅರವತ್ನಾಲ್ಕು ಮನೆಗಳ ಬಾಗಿಲಿಗೂ ಒಂದೊಂದು ನೀಲಿ ತಗಡು ಹೊಡೆದು ಹೋದರು. ಊಟದ ತಾಟಿನಷ್ಟು ಅಗಲದ ತಗಡು. ಎಲ್ಲದರ ಮೇಲೂ ಒಂದೇ ಅಂಕಿ. ಮೂರು.

“ನೂರಕ್ಕ ಮೂರು,” ಎಂದು ಆಳುಗಳಲ್ಲೊಬ್ಬ ವಿವರಿಸಿದ. “ಹೊಳಿ ಅಪಾಯ ನಿಮಗ ಅಷ್ಟೇ ಅದ ಅಂತ ಮಷೀನ್ ಹೇಳ್ಯದ. ಇಡೀ ತಾಲ್ಲೂಕಿನ್ಯಾಗ ಇಷ್ಟು ಕಡಿಮಿ ಯಾರಿಗೂ ಬಂದಿಲ್ಲ ನೋಡ್ರಿ.”

ಕೇರಿ ಹಿಗ್ಗಿತು. ಹಿಗ್ಗದೆ ಏನು ಮಾಡೀತು? ಭೀಮಾ ಹೊಳೆಯ ಬಲದಂಡೆಯ ಆ ತಗ್ಗಿಗೆ ಸರಕಾರದ ಕಡೆಯಿಂದ ಒಳ್ಳೆಯ ಸುದ್ದಿ ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅರವತ್ತೆಂಟರ ಸಾಬಮ್ಮ ಮನೆಮನೆಗೆ ಬೆಲ್ಲ, ಪುಠಾಣಿ ಹಂಚಿದಳು. ಅವಳ ಎದುರುಮನೆಯ ಹುಲಿಗೆಮ್ಮ, ಮೊಳೆ ಸಡಿಲಾಗಿದೆಯೆಂದು ಕಲ್ಲು ತಂದು ತಾನೇ ಇನ್ನೆರಡು ಏಟು ಹಾಕಿ ತಗಡನ್ನು ಭದ್ರ ಮಾಡಿದಳು.

ತನ್ನ ಕೇರಿಯ ಮರಣಪತ್ರಕ್ಕೆ ತಾನೇ ಮೊಳೆ ಹೊಡೆದೆನೆಂದು ಅವಳಿಗೆ ತಿಳಿದದ್ದು ಹನ್ನೊಂದು ದಿನಗಳ ನಂತರ.

*

ಜಿಲ್ಲಾ ಊರಿನಲ್ಲಿರುವ ನದಿ ಮಾಪನ ಕೇಂದ್ರಕ್ಕೆ ಕಿಟಕಿಗಳಿಲ್ಲ. ಹೊಳೆಯನ್ನು ನೋಡಲು ಅಲ್ಲಿ ಹನ್ನೆರಡು ಪರದೆಗಳಿವೆ. ಅವುಗಳ ಹಿಂದೆ ಕೂತು ಲೆಕ್ಕ ಹಾಕುವ ಯಂತ್ರಕ್ಕೆ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರಿತ್ತು. ಕೇಂದ್ರದವರು ಅದನ್ನು ತಕ್ಕಡಿ ಎಂದು ಕರೆಯುತ್ತಿದ್ದರು.

ತಕ್ಕಡಿಯ ಕೆಲಸ ಸರಳ. ಒಂದು ಊರಿಗೆ ಎಷ್ಟು ನೀರು ನುಗ್ಗಬಹುದು ಎಂಬುದನ್ನು ಉಪಗ್ರಹದ ಚಿತ್ರಗಳಿಂದಲೂ ಹೊಳೆಯಲ್ಲಿ ನೆಟ್ಟ ಕಂಬಗಳಿಂದಲೂ ಅಳೆಯುವುದು. ನುಗ್ಗಿದ ನೀರು ಏನೇನು ಒಯ್ಯುತ್ತದೆ ಎಂಬುದನ್ನು ಹಿಂದಿನ ಮೂವತ್ತು ವರ್ಷಗಳ ನಷ್ಟದ ಹೇಳಿಕೆಗಳಿಂದ ತಿಳಿಯುವುದು. ಎರಡನ್ನೂ ಗುಣಿಸಿದರೆ ಅಪಾಯದ ಅಂಕ. ಈ ವರ್ಷ ಹೊಳೆಯ ಎರಡೂ ದಂಡೆಗೆ ಎತ್ತರದ ಒಡ್ಡು ಕಟ್ಟಿ ಮುಗಿಸಿದ್ದರು. ಒಂದೊಂದು ಒಡ್ಡಿಗೆ ಒಂದೊಂದು ದೊಡ್ಡ ತೂಬು. ಹೊಳೆ ಮಿತಿ ಮೀರಿದರೆ ಯಾವ ದಂಡೆಯ ಅಂಕ ಕಡಿಮೆಯೋ ಆ ದಂಡೆಯ ತೂಬನ್ನು ತಕ್ಕಡಿ ತಾನೇ ತೆರೆಯುತ್ತದೆ. ಎಡದಂಡೆಯಲ್ಲಿ ಸಕ್ಕರೆ ಕಾರ್ಖಾನೆ, ಗೋದಾಮು, ಹೊಸ ಬಡಾವಣೆ. ಅದರ ಅಂಕ ಐವತ್ತೆಂಟು. ಬಲದಂಡೆಯಲ್ಲಿ ಹೊಳೆಗೇರಿ.

ಮೂರನೆಯ ದಾರಿಯೂ ಇತ್ತು. ಮಳೆ ಬಲಿಯುವ ಮುಂಚೆಯೇ ಮೇಲಿನ ಜಲಾಶಯವನ್ನು ಅರ್ಧಕ್ಕೆ ಇಳಿಸಿಟ್ಟುಕೊಂಡರೆ ಯಾವ ತೂಬೂ ತೆರೆಯಬೇಕಿಲ್ಲ. ಆದರೆ ಆ ನೀರಿನಿಂದ ವಿದ್ಯುತ್ ತೆಗೆಯುವವರಿಗೆ ಜಲಾಶಯ ತುಂಬಿರಬೇಕು. ಹಾಗಾಗಿ ಎರಡೂ ದಂಡೆಯ ಅಂಕ ನಲವತ್ತು ದಾಟಿದರೆ ಮಾತ್ರ ಆ ದಾರಿ ಎಂದು ನಿಯಮ. ಪರದೆಯ ಮೇಲೆ ಆ ಸಾಲು ಬೂದುಬಣ್ಣದಲ್ಲಿ ಸದಾ ಮಲಗಿರುತ್ತಿತ್ತು.

“ಸರ್, ಈ ಮೂರು ತಪ್ಪದ,” ಎಂದಳು ತಬಸ್ಸುಮ್. ಇಪ್ಪತ್ತೊಂಬತ್ತರ ಅವಳು ತಕ್ಕಡಿಯ ನಿಯಮಗಳನ್ನು ಬರೆದ ಎಂಜಿನಿಯರುಗಳಲ್ಲಿ ಒಬ್ಬಳು.

ಕೇಂದ್ರದ ಮುಖ್ಯಸ್ಥ ದೇಸಾಯಿ ಚಹಾದ ಕಪ್ಪು ಕೆಳಗಿಟ್ಟರು. “ತಕ್ಕಡಿ ತಪ್ಪಂಗಿಲ್ಲ ಅಂತ ಹೋದ ವರ್ಷ ಸಭಾದಾಗ ಟೇಬಲ್ ಕುಟ್ಟಿ ಹೇಳಿದಾಕಿ ನೀನೇ.”

“ಮೂವತ್ತು ವರ್ಷದಾಗ ಆ ಕೇರಿ ಏಳು ಸಲ ಮುಳುಗ್ಯದ. ಚಿತ್ರದಾಗ ಮಾಳಿಗಿ ಸೈತ ಕಾಣಂಗಿಲ್ಲ. ಆದ್ರ ನಷ್ಟ ಏನು ಅಂತ ಕೇಳಿದ ಕಡಿ ಏಳೂ ಸಲ, ಅಷ್ಟೂ ಮನಿಯವರು ‘ಏನೂ ಇಲ್ಲ’ ಅಂತ ಹೇಳಿ ಹೆಬ್ಬೆಟ್ಟು ಒತ್ಯಾರ. ನೀರು ಎಷ್ಟಾದ್ರೂ ಇರ್ಲಿ ಸರ್, ಸೊನ್ನಿಯಿಂದ ಗುಣಿಸಿದ್ರ ಏನು ಬರ್ತದ? ಆ ಮೂರು ಸೈತ, ಹೇಳಿಕಿ ತಪ್ಪಿರಬಹುದು ಅಂತ ಮಷೀನ್ ಅನುಮಾನಕ್ಕ ಇಟ್ಟದ್ದು.”

“ಹಂಗಾರ ಚಲೋ ಆತಲ್ಲ. ನೀರಾಗ ಬಾಳೇವು ಮಾಡ್ಲಾಕ ಕಲಿತ ಮಂದಿ. ಅಂಥವರ ಕಡಿ ನೀರು ಬಿಡೋದು ಬಿಟ್ಟು, ಈಜಾಕ ಬರದವರ ಕಡಿ ಬಿಡ್ಲೇನು?”

ಈ ತರ್ಕ ಹಳೆಯದು. ಹೊತ್ತು ರೂಢಿಯಾದ ಹೆಗಲಿಗೆ ಇನ್ನೊಂದು ಹೊರೆ. ಹಸಿದು ರೂಢಿಯಾದ ಹೊಟ್ಟೆಗೆ ಇನ್ನೊಂದು ಉಪವಾಸ. ಸಾಯದೆ ಉಳಿದವರಿಗೆ, ನೀವು ಸಾಯುವುದಿಲ್ಲವಲ್ಲ ಎಂಬ ಶಹಬ್ಬಾಸ್‌ಗಿರಿಯ ಜೊತೆಗೇ ಇನ್ನೊಂದು ಸಾವು. ಹೊಸದೆಂದರೆ, ಆ ತರ್ಕಕ್ಕೀಗ ದಶಮಾಂಶ ಬಂದಿತ್ತು.

ತಬಸ್ಸುಮ್ ಹೊಸ ಒಡ್ಡು, ಹೊಸ ತೂಬು ಸೇರಿಸಿ ಮತ್ತೊಮ್ಮೆ ಲೆಕ್ಕ ಓಡಿಸಿದಳು. ಮೊದಲೆಲ್ಲ ಹೊಳೆ ಎರಡೂ ಕಡೆ ಹರಡಿಕೊಂಡು ನಿಧಾನಕ್ಕೆ ಏರುತ್ತಿತ್ತು. ಈ ಸಲ ಅಷ್ಟೂ ನೀರು ಒಂದೇ ಬಾಯಿಂದ. ತೂಬು ತೆರೆದ ನಲವತ್ತನೆಯ ನಿಮಿಷಕ್ಕೆ ಹೊಳೆಗೇರಿಯಲ್ಲಿ ಹತ್ತು ಅಡಿ ನೀರು.

ಅವಳು ಮರುದಿನದ ಮೊದಲ ಬಸ್ಸು ಹಿಡಿದಳು.

*

ಎಂಟು ಮನೆಗಳಲ್ಲಿ ಕೇಳಿದಳು. ಎಂಟರಲ್ಲೂ ಒಂದೇ ಉತ್ತರ: “ಏನೂ ಹೋಗಿಲ್ರೀ. ಎಲ್ಲಾ ಬಂದದ.”

ಒಂಬತ್ತನೆಯದು ಹುಲಿಗೆಮ್ಮನ ಮನೆ. ಗೋಡೆಯ ಮೇಲೆ, ಬಾಗಿಲ ಮೇಲ್ಪಟ್ಟಿಗಿಂತ ಒಂದು ಮೊಳ ಎತ್ತರದಲ್ಲಿ ಕೆಸರಿನ ಗೆರೆ. ಅದರ ಕೆಳಗೆ ಕೂತು ಐವತ್ತೆರಡರ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. “ಏನೂ ಹೋಗಿಲ್ಲ ತಂಗಿ. ಕುಂದ್ರು. ರೊಟ್ಟಿ ಉಣ್ಣು. ಬಸ್ಸಿನ್ಯಾಗ ಬಂದೀದಿ, ಮಾರಿ ಬಾಡ್ಯದ.”

ಅಷ್ಟರಲ್ಲಿ ಸಾಬಮ್ಮ ಕೂಗದೆ ಕರೆಯದೆ ಒಳಗೆ ಬಂದಳು. ಹುಲಿಗೆಮ್ಮನ ಟ್ರಂಕು ತೆರೆದಳು, ಮುಚ್ಚಿದಳು. ಕಾಳಿನ ಚೀಲ ಎತ್ತಿ ತೂಕ ನೋಡಿದಳು. ಮೂಲೆಯ ಹಗ್ಗ ಜಗ್ಗಿದಳು. ಬಾಯೊಳಗೇ ಏನೋ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

“ಏ ಹುಲಿಗೀ, ಈ ಹೊಸಾ ಮಿಕ್ಸಿ ಯಾವಾಗ ತಂದಿ? ನನಗ ಹೇಳೇ ಇಲ್ಲ.”

“ಹೋದ ವಾರ ಅಕ್ಕಾ.”

“ಹೇಳಬೇಕು ಬೇ. ಹೊಳಿ ಬಂದಾಗ ಹುಡುಕ್ಕೋತ ನಿಂದರ್ಲೇನು?”

ತಬಸ್ಸುಮ್ ಕಣ್ಣರಳಿಸಿ ನೋಡುತ್ತಿದ್ದಳು. ಹುಲಿಗೆಮ್ಮ ನಕ್ಕಳು. “ಗಾಬರಿ ಆಗಬ್ಯಾಡ, ಕಳ್ಳಿ ಅಲ್ಲ. ನನ್ನ ಜೋಡಿಮನಿಯಾಕಿ. ಮಿರಗದ ಮಳಿ ಹೊಕ್ಕಿತಂದ್ರ ಆಕಿ ನನ್ನ ಮನಿ ನೋಡ್ತಾಳ, ನಾ ಆಕಿ ಮನಿ ನೋಡ್ತೀನಿ. ಹೊಳಿ ದಂಡಿ ಮೆಟ್ಟಲದಾಗ ಮೂರನೇ ಪಾವಟಿಗಿಗಿ ಬಂತಂದ್ರ ತಾಟು ಬಡೀತೀವಿ. ಆವಾಗ ನನ್ನ ಮನಿ ಆಕಿ ಖಾಲಿ ಮಾಡಿ ಗುಡ್ಡಕ್ಕ ಹೊರಬೇಕು, ಆಕಿ ಮನಿ ನಾ ಖಾಲಿ ಮಾಡಬೇಕು. ತನ್ನ ಮನೀದು ತಾ ಒಂದು ಚಮಚ ಸೈತ ಮುಟ್ಟಂಗಿಲ್ಲ.”

“ಯಾಕ?”

“ತನ್ನ ಮನಿ ಅಂದ್ರ ಕಾಲು ಹೊಸ್ತಿಲಕ್ಕ ಅಂಟ್ಕೋತಾವ ತಂಗಿ. ಅದೊಂದು ಉಳೀತು, ಇದೊಂದು ಉಳೀತು ಅಂತ ತಿರುಗಿ ಒಳಗ ಹೋಗಿ, ನಮ್ಮಜ್ಜಿ ಕಾಲದಾಗ ಹನ್ನೊಂದು ಮಂದಿ ಹೆಣ ಆದ್ರು. ಮಂದಿ ಮನಿ ಅಂದ್ರ ಕೈ ಚುರುಕು ನಡೀತಾವ. ಆವತ್ತಿಂದ ಹೊಳ್ಯಾಗ ಒಬ್ಬರೂ ಸತ್ತಿಲ್ಲ.”

“ಗುಡ್ಡದಿಂದ ಇಳಿದು ಬಂದ ಮ್ಯಾಲ, ಏನು ಹೋತು ಅಂತ ಕೇಳಂಗಿಲ್ಲೇನು?”

“ಕೇಳ್ತಾರ. ಜೋಡಿಮನಿಯಾಕಿ ಬಂದು ಹೊಸ್ತಿಲದಾಗ ನಿಂತು, ಏನರ ಹೋತೇನವ್ವಾ ಅಂತಾಳ. ಏನೂ ಹೋಗಿಲ್ಲ, ಎಲ್ಲಾ ಬಂದದ ಅನ್ನಬೇಕು. ಜೀವ ಒತ್ತೆ ಇಟ್ಟು ಹೊತ್ತು ತಂದಾಕಿಗಿ, ನೀ ಅದು ಬಿಟ್ಟಿ, ಇದು ಬಿಟ್ಟಿ ಅನ್ಲಾಕ ಬರ್ತದೇನು? ಅಂಥ ನಾಲಿಗಿ ಈ ಕೇರ್ಯಾಗ ಯಾರಿಗೂ ಇಲ್ಲ.”

ತಬಸ್ಸುಮ್‌ಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ನೆರೆ ಇಳಿದ ಮೇಲೆ ಫಾರಮ್ಮು ಹಿಡಿದು ಬಂದವರು ಕೇಳಿದ್ದೂ ಅದೇ ಪ್ರಶ್ನೆ. ಏನು ಹೋಯಿತು? ಮೂವತ್ತು ವರ್ಷ ಇವರು ಕೊಟ್ಟದ್ದು ಜೋಡಿಮನೆಯವಳ ಮರ್ಯಾದೆ ಕಾಯುವ ಉತ್ತರ. ತಕ್ಕಡಿ ಅದನ್ನು ಸೊನ್ನೆ ಎಂದು ಓದಿತ್ತು.

“ಅಕ್ಕಾ, ಮನಿ ಖಾಲಿ ಮಾಡ್ಲಾಕ ನಿಮಗ ಎಷ್ಟೊತ್ತು ಬೇಕು?”

“ತಾಟು ಬಡಿದ್ರ ಒಂದು ತಾಸು ಇಪ್ಪತ್ತು ನಿಮಿಷ. ಅದರ ಮ್ಯಾಲ ಒಂದು ನಿಮಿಷ ತಗೊಳ್ಳಂಗಿಲ್ಲ,” ಎಂದಳು ಸಾಬಮ್ಮ, ಹೆಮ್ಮೆಯಿಂದ.

“ಈ ಸಲ ನಲವತ್ತೇ ನಿಮಿಷ ಸಿಗ್ತದ.”

ಎಲ್ಲವನ್ನೂ ಬಿಡಿಸಿ ಹೇಳಿದಳು. ತಗಡು, ತೂಬು, ಐವತ್ತೆಂಟು, ಮೂರು. ಹುಲಿಗೆಮ್ಮ ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡುವವರೆಗೆ ಕೇಳಿದಳು.

“ಅಂದ್ರ ನಾವು ಸತ್ತಿದ್ರ ನಮ್ಮನ್ನ ಉಳಸ್ತಿದ್ರು,” ಎಂದಳು.

*

ಅಂಕಗಳ ಬಗ್ಗೆ ಆಕ್ಷೇಪಣೆ ಕೇಳುವ ಸಭೆ ಜುಲೈ ಒಂದಕ್ಕೆ, ತಾಲ್ಲೂಕು ಕಚೇರಿಯಲ್ಲಿ. ಪ್ರತಿ ಮನೆಯ ಯಜಮಾನರು ತಮ್ಮ ಮನೆಯ ನಷ್ಟವನ್ನು ತಮ್ಮದೇ ದನಿಯಲ್ಲಿ ಹೇಳಬೇಕು. ತಕ್ಕಡಿ ಕೇಳಿಸಿಕೊಳ್ಳುತ್ತದೆ. ಹಿಂದಿನ ಸಮೀಕ್ಷೆಗಳಲ್ಲಿ ದಾಖಲಾದ ದನಿಗೆ ಹೋಲಿಸಿ, ಹೊಂದಿದರೆ ಒಪ್ಪುತ್ತದೆ.

ಇದನ್ನು ತಿಳಿಸಲು ತಬಸ್ಸುಮ್ ಆ ಸಂಜೆ ಬೇವಿನಕಟ್ಟೆಯ ಮುಂದೆ ನಿಂತಾಗ ಕೇರಿ ಕುದಿಯಿತು.

“ನಾನು ಎದ್ದು ನಿಂತು, ನನ್ನ ಮನೀದು ಇಷ್ಟು ಹೋತು ಅನ್ನಬೇಕು. ನಮ್ಮ ಜೋಡಿಮನಿ ದ್ಯಾವಣ್ಣ ಅಲ್ಲೇ ಕುಂತು ಕೇಳಬೇಕು. ಹೌದಿಲ್ಲೋ?” ಹರಗೋಲು ಹುಟ್ಟುಹಾಕುವ ಮೌನೇಶ ಕೇಳಿದ. “ಅದರಕಿಂತ ಅವನ ಕಪಾಳಕ್ಕ ಹೊಡೆದು ಬರ್ತೀನಿ ಬಿಡ್ರಿ, ಲಗೂ ಮುಗೀತದ.”

“ಹೊಡೀ ನೋಡಮು,” ಎಂದ ದ್ಯಾವಣ್ಣ ಕೂತಲ್ಲಿಂದಲೇ. ಒಂದಿಷ್ಟು ಜನ ನಕ್ಕರು. ನಗು ಬೇಗ ಸತ್ತಿತು.

“ಹೇಳದಿದ್ರ ಕೇರಿ ಹೋಗ್ತದ ಅಣ್ಣಾ,” ಎಂದಳು ತಬಸ್ಸುಮ್.

“ಆ ನಿಯಮ ಯಾರು ಮಾಡಿದ್ರು?” ಹುಲಿಗೆಮ್ಮನ ದನಿ. “ಮನೀದು ಮನಿಯವರೇ ಹೇಳಬೇಕು ಅನ್ನೋದು?”

“ನಾನೇ.” ತಬಸ್ಸುಮ್ ತಲೆ ತಗ್ಗಿಸಲಿಲ್ಲ. “ನಮ್ಮೂರಾಗ ಬಡವರ ಮನಿ ನಷ್ಟ ಎಲ್ಲಾ ಗೌಡರೇ ಬರಿಸ್ತಿದ್ರು. ಯಾರ ಮನಿ ಬಿತ್ತು, ಯಾರದು ಬಿದ್ದಿಲ್ಲ, ಎಲ್ಲಾ ಅವರ ಬಾಯಾಗ. ಅದು ನಿಲ್ಲಲಿ ಅಂತ ಬರದೆ.”

“ಚಲೋ ಮಾಡೀದಿ,” ಎಂದಳು ಹುಲಿಗೆಮ್ಮ. “ಆದ್ರ ಅದು ನಿಮ್ಮೂರಿಗಿ. ನಮ್ಮ ಕಡಿ ಗೌಡ ಹೊಳ್ಯಾಗ ಇಳಿಯಂಗಿಲ್ಲ. ನಾವು ನಾವೇ ಇಳೀತೀವಿ.”

ಸಾಬಮ್ಮ ಎಲ್ಲರಿಗಿಂತ ಮೊದಲು ಎದ್ದು ಮನೆಗೆ ಹೋದಳು.

*

ಸಭೆಗೆ ಅರವತ್ನಾಲ್ಕೂ ಮನೆಯವರು ಬಂದರು. ಬರುವುದೇನೋ ಬಂದರು.

ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಎಡದಂಡೆ ಐವತ್ತೆಂಟು, ಬಲದಂಡೆ ಮೂರು, ಕೆಳಗೆ ಬೂದುಬಣ್ಣದ ಆ ಸಾಲು. ಮೇಜಿನ ಮೇಲೊಂದು ಮೈಕು. ಪಕ್ಕದಲ್ಲಿ ದೇಸಾಯಿ, ಕೀಲಿಮಣೆಯ ಮುಂದೆ ತಬಸ್ಸುಮ್.

“ಎರಡು ತಾಸು ಅದ,” ಎಂದರು ದೇಸಾಯಿ. “ಮನೆ ನಂಬರ್ ಒಂದು, ಹುಲಿಗೆಮ್ಮ.”

ಹುಲಿಗೆಮ್ಮ ಹೇಳಲೆಂದೇ ಬಂದಿದ್ದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಮೈಕಿನ ಮುಂದೆ ನಿಂತಳು.

“ಎರಡು ಸಾವಿರದ ಮೂವತ್ತರ ನೆರೆಯಲ್ಲಿ ನಿಮ್ಮ ಮನೆಯಲ್ಲಿ ಏನು ಹೋಯಿತು?” ಎಂದು ಯಂತ್ರ ಶುದ್ಧ ಕನ್ನಡದಲ್ಲಿ ಕೇಳಿತು.

ಹುಲಿಗೆಮ್ಮ ಮುಂದಿನ ಸಾಲಿನಲ್ಲಿ ಕೂತ ಸಾಬಮ್ಮನನ್ನು ನೋಡಿದಳು. ಹದಿನೆಂಟು ವರ್ಷ ಬಿಡದೆ ಬಂದ ಮಾತು ಹಲ್ಲಿನ ಹಿಂದೆ ನಿಂತಿತ್ತು.

“ಏನೂ ಹೋಗಿಲ್ಲ,” ಎಂದಳು. “ಎಲ್ಲಾ ಬಂದದ.”

ದನಿ ಹೊಂದಿತು. ಹೇಳಿಕೆ ಸ್ವೀಕೃತ. ಪರದೆಯ ಮೇಲೆ ಮೂರು ಅಳಿಸಿ ಎರಡಾಯಿತು.

ತಬಸ್ಸುಮ್ ಕಣ್ಣು ಮುಚ್ಚಿದಳು. ದೇಸಾಯಿ ಕೈಗಡಿಯಾರ ನೋಡಿಕೊಂಡು, “ಮುಂದಿನವರು,” ಎಂದರು.

ಸಾಬಮ್ಮ ಎದ್ದಳು. ಅವಳ ಸರದಿ ಅದಲ್ಲ. ಹುಲಿಗೆಮ್ಮನನ್ನು ಭುಜದಿಂದ ಸರಿಸಿ ಮೈಕು ಹಿಡಿದಳು.

“ಆಕಿ ಸುಳ್ಳು ಹೇಳ್ತಾಳ. ಆಕಿ ಅವ್ವ ಹೋದ್ಲು.”

ಕೂತವರೆಲ್ಲ ಹುಲಿಗೆಮ್ಮನತ್ತ ತಿರುಗಿದರು.

“ದನಿ ಹೊಂದಿಲ್ಲ,” ಎಂದಿತು ಯಂತ್ರ. “ಹೇಳಿಕೆ ತಿರಸ್ಕೃತ.”

“ಕಾಶಮ್ಮ ಅಂತ. ಹಾಸಿಗಿ ಹಿಡಿದಿದ್ಲು. ನಾ ಮೊದಲನೇ ಸಲಕ್ಕ ಜ್ವಾಳದ ಚೀಲ ಒಯ್ದೆ. ಎರಡನೇ ಸಲಕ್ಕ ಮುದುಕೀನ ಹೊತ್ತೆ. ಅಷ್ಟೊತ್ತಿಗಿ ನೀರು ಎದಿಮಟ ಬಂದಿತ್ತು. ಇಬ್ಬರೂ ನೆನೆದ್ವಿ. ಗುಡ್ಡದ ಮ್ಯಾಲ ಮೂರು ದಿನ ಜಿಟಿಜಿಟಿ ಮಳಿ. ಮೂರನೇ ದಿನ ನನ್ನ ತೊಡಿ ಮ್ಯಾಲೇ ಜೀವ ಬಿಟ್ಲು.”

“ಹೇಳಿಕೆ ತಿರಸ್ಕೃತ.”

“ನಿಮ್ಮ ಕಾಗದದಾಗ ವಯಸ್ಸಾಗಿ ಸತ್ಲು ಅಂತ ಬರದೀರಿ. ವಯಸ್ಸು ಆಕಿಗಿ ಎಪ್ಪತ್ತು ವರ್ಷದಿಂದ ಇತ್ತು, ಎಂದೂ ಕೊಂದಿರಲಿಲ್ಲ. ಹೊಳಿ ಕೊಂದಿದ್ದು. ನಾ ತಡ ಮಾಡಿದ್ದು.”

“ಅಕ್ಕಾ, ಸಾಕು,” ಎಂದಳು ಹುಲಿಗೆಮ್ಮ.

“ನೀ ಸುಮ್ಮಿರು. ಹದಿನೆಂಟು ವರ್ಷ ಏನೂ ಹೋಗಿಲ್ಲ ಅಂದು ಅಂದು ನನ್ನ ಗಂಟಲದಾಗ ಮುಳ್ಳು ಚುಚ್ಚೀದಿ.”

ದೇಸಾಯಿ ಎದ್ದು ನಿಂತರು. “ಅಮ್ಮಾ, ಇದು ನಿಮ್ಮ ಮನಿ ಅಲ್ಲ. ಆಕಿ ಮನೀದು ಆಕೀನೇ ಹೇಳಬೇಕು. ಹಂಗಂತ ನಿಯಮ ಅದ.”

“ಸಾಹೇಬ, ಆಕಿಗಿ ಏನು ಗೊತ್ತು?” ಸಾಬಮ್ಮ ಅವರತ್ತ ತಿರುಗಿದಳು. “ಆವತ್ತು ಆಕಿ ತನ್ನ ಮನ್ಯಾಗ ಇದ್ದಳೇನು? ನನ್ನ ಮನ್ಯಾಗ ಇದ್ಲು. ಆಕಿ ಮನ್ಯಾಗ ಏನಿತ್ತು, ಏನು ಬಂತು, ಏನು ಬರ್ಲಿಲ್ಲ ಅನ್ನೋದು ನೋಡಿದ ಕಣ್ಣು ಇವು. ನೋಡಿದವರನ್ನ ಬಿಟ್ಟು ನೋಡದವರನ್ನ ಕೇಳ್ತದಲ್ಲ, ನಿಮ್ಮ ಮಷೀನ್‌ಗಿ ಬುದ್ಧಿ ಹೇಳಿದವರು ಯಾರು?”

ತಬಸ್ಸುಮ್‌ಳ ಬೆರಳುಗಳು ಆಗಲೇ ಓಡುತ್ತಿದ್ದವು. ಅರವತ್ನಾಲ್ಕೂ ದನಿಗಳು ಯಂತ್ರದಲ್ಲಿದ್ದವು. ಒಂದೂ ಸುಳ್ಳಲ್ಲ. ಅವು ಇದ್ದ ಮನೆ ಮಾತ್ರ ತಪ್ಪು. ಮೂವತ್ತೆರಡು ಜೋಡಿಗಳಲ್ಲಿ ಈಚೆಯ ದನಿಯನ್ನು ಆಚೆಗೆ, ಆಚೆಯದನ್ನು ಈಚೆಗೆ. ಮಾಹಿತಿದಾರರು ಎಂಬ ಜಾಗದಲ್ಲಿ ‘ಮನೆಯ ಯಜಮಾನರು’ ಅಳಿಸಿ ‘ಮನೆ ಖಾಲಿ ಮಾಡಿದವರು’ ಎಂದು ಬರೆದಳು. ತಾನು ಹೆಮ್ಮೆಯಿಂದ ಬರೆದ ಸಾಲನ್ನು ತಾನೇ ಕಿತ್ತಳು.

“ತಬಸ್ಸುಮ್, ಏನು ಮಾಡ್ಲಿಕತ್ತೀದಿ? ಕೈ ತೆಗಿ. ನಾಳೆ ನೌಕರಿ ಇರಂಗಿಲ್ಲ.”

“ತಪ್ಪು ತಿದ್ದಕತ್ತೀನಿ ಸರ್. ತಕ್ಕಡಿ ತಪ್ಪಂಗಿಲ್ಲ ಅಂತ ಟೇಬಲ್ ಕುಟ್ಟಿದಾಕಿ ನಾನೇ ಅಲ್ಲೇನು?” ಗುಂಡಿ ಒತ್ತಿದಳು. “ಅಮ್ಮಾ, ಇನ್ನೊಮ್ಮೆ ಹೇಳ್ರಿ.”

ಸಾಬಮ್ಮ ಇನ್ನೊಮ್ಮೆ ಹೇಳಿದಳು. ಅಷ್ಟನ್ನೂ, ಜೋಳದ ಚೀಲದಿಂದ ಹಿಡಿದು.

“ದನಿ ಹೊಂದಿದೆ. ಹೇಳಿಕೆ ಸ್ವೀಕೃತ.”

ಎರಡು ಹೋಗಿ ಹದಿಮೂರು.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ತನ್ನ ಮನೆಯ ನಷ್ಟ ಹೇಳಲಾರದ ಕೇರಿಗೆ ಎದುರುಮನೆಯ ನಷ್ಟ ಹೇಳಲು ತಡೆಯೇ ಇರಲಿಲ್ಲ. ಅದು ದೂರಲ್ಲ. ಬಿಟ್ಟು ಬಂದ ಗಂಟನ್ನು ಈಗಲಾದರೂ ಹೊತ್ತು ತರುವ ಕೆಲಸ. ದ್ಯಾವಣ್ಣ ಮೌನೇಶನ ಮನೆಯ ಎರಡು ಆಡು ಬಿಟ್ಟದ್ದು ಹೇಳಿದ. ಮೌನೇಶ ದ್ಯಾವಣ್ಣನ ತಂದೆ ಬಾರಿಸುತ್ತಿದ್ದ ಹಲಗೆ, ಬಲೆ, ಗೋಡೆ ಸಮೇತ ಹೋದ ಕೋಣೆ ಎಲ್ಲ ಎಣಿಸಿ, “ಇವನು ನನಗ ಎಂದೂ ಹೇಳಿಲ್ಲ ನೋಡ್ರಿ, ಖೋಡಿ” ಎಂದು ಬೈಯುತ್ತ ಕಣ್ಣೊರೆಸಿಕೊಂಡ. ಒಬ್ಬಳು ಎದುರುಮನೆಯ ಹುಡುಗಿ ನೆರೆಯ ನಂತರ ಶಾಲೆ ಬಿಟ್ಟದ್ದನ್ನು ಹೇಳಿದಳು. ಇನ್ನೊಬ್ಬಳು ಎದುರುಮನೆಯವನ ಬೆನ್ನುಮೂಳೆ ತನ್ನ ಟ್ರಂಕಿನ ಭಾರಕ್ಕೇ ಹೋಯಿತೆಂದಳು. ಇಪ್ಪತ್ತು. ಇಪ್ಪತ್ತಾರು. ಮೂವತ್ತೊಂದು.

ಎರಡು ತಾಸಿಗೆ ನಾಲ್ಕು ನಿಮಿಷ ಉಳಿದಾಗ ಪರದೆಯ ಮೇಲೆ ಮೂವತ್ತೇಳು. ಸಾಬಮ್ಮನ ಮನೆಯೊಂದು ಬಾಕಿ. ಹೇಳಬೇಕಾದವಳು ಹುಲಿಗೆಮ್ಮ.

ಹುಲಿಗೆಮ್ಮ ಈ ಸಲ ಸಾಬಮ್ಮನ ಮುಖ ನೋಡಿಯೇ ಮಾತಾಡಿದಳು.

“ಆಕಿ ಮಗಳು ಗೌರಮ್ಮ ತುಂಬಿದ ಬಸುರಿ. ಮೊದಲ ಆಕೀನ ಬೆನ್ನ ಮ್ಯಾಲ ಹಾಕ್ಕೊಂಡೆ. ಆಕಿ ಒಂದು ತಗಡಿನ ಡಬ್ಬಿ ಅಪ್ಪಿ ಹಿಡಿದಿದ್ಲು, ಬಿಡವಲ್ಲಳು. ಎರಡೂ ಕೈಲೆ ನನ್ನ ಕೊರಳು ಹಿಡೀ ಅಂತ ಆ ಡಬ್ಬಿ ಕಸ್ಕೊಂಡು ಹೊಳ್ಯಾಗ ಒಗದೆ. ಅದರಾಗ ಆಕಿ ನರ್ಸ್ ಕಲಿತ ಕಾಗದ ಇದ್ದವು. ಮೂಲ ಕಾಗದ ಇಲ್ಲಂತ ಯಾವ ದವಾಖಾನ್ಯಾಗೂ ತಗೋಳಲಿಲ್ಲ. ಹದಿನೆಂಟು ವರ್ಷದಿಂದ ಎಡದಂಡಿ ಕಬ್ಬಿನ ಗದ್ದ್ಯಾಗ ಕಬ್ಬು ಕಡೀತಾಳ. ಒಗೆದಾಕಿ ನಾನು. ಬರ್ಕೋ.”

ಯಂತ್ರ ಎಂದಿಗಿಂತ ಒಂದು ಕ್ಷಣ ಹೆಚ್ಚು ತೆಗೆದುಕೊಂಡಿತು.

ನಲವತ್ತೊಂದು.

ಕೆಳಗಿನ ಬೂದು ಸಾಲು ಹಸಿರಾಗಿ ಹೊತ್ತಿತು. ‘ಎರಡೂ ತೂಬು ಮುಚ್ಚಿರಲಿ. ಮೇಲಿನ ಜಲಾಶಯವನ್ನು ಅರ್ಧಕ್ಕೆ ಇಳಿಸಿ. ಆದೇಶ ಕಳುಹಿಸಲಾಗಿದೆ.’

“ಇದು ನಡಿಯಂಗಿಲ್ಲ,” ದೇಸಾಯಿಯವರ ಮುಖ ಕೆಂಪೇರಿತ್ತು. “ವಾಪಸ್ ತಗೋ ಅದನ್ನ.”

“ಆಗಂಗಿಲ್ಲ ಸರ್. ಒಮ್ಮೆ ಹೋದ ಆದೇಶಕ್ಕ ಮನುಷ್ಯರ ಕೈ ಹತ್ತಬಾರದು ಅಂತ ನೀವೇ ಬರಿಸೀರಿ.”

ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು.

*

ಕೇರಿಗೆ ಹಿಂತಿರುಗಿದಾಗ ಇನ್ನೂ ಬಿಸಿಲಿತ್ತು. ಹುಲಿಗೆಮ್ಮ ನೇರ ಸಾಬಮ್ಮನ ಬಾಗಿಲಿಗೆ ಹೋಗಿ ನೀಲಿ ತಗಡಿಗೆ ಕಬ್ಬಿಣದ ಸಲಾಕೆ ಹಾಕಿ ಎಬ್ಬಿದಳು. ಎದುರಿಗೆ ಸಾಬಮ್ಮ ಹುಲಿಗೆಮ್ಮನ ತಗಡನ್ನು ಎಬ್ಬುತ್ತಿದ್ದಳು. ಅದು ಬೇಗ ಬರಲಿಲ್ಲ.

“ಯಾವಾಕಿ ಹೊಡೆದಾಳ ಇದನ್ನ, ಇಷ್ಟು ಗಟ್ಟಿ!”

“ನಾನೇ ಅಕ್ಕಾ.”

ಮೊಳೆ ಕಿರುಗುಟ್ಟಿ ಹೊರಬಂದಿತು. ತಗಡು ಕೈಯಲ್ಲಿ ಹಿಡಿದು ಸಾಬಮ್ಮ ನಿಂತೇ ಇದ್ದಳು.

“ಹುಲಿಗೀ. ಮೊದಲ ಮುದುಕೀನ ಒಯ್ದಿದ್ರ...”

“ಮೊದಲ ಜ್ವಾಳ ಒಯ್ಯಿ, ಮಕ್ಕಳು ಉಣ್ಣಬೇಕು ಅಂತ ನಿನಗ ಅಂದಾಕಿ ನಮ್ಮವ್ವನೇ. ಗುಡ್ಡದ ಮ್ಯಾಲ ನನಗ ಹೇಳಿ ಸತ್ಲು.”

“ಮತ್ತ ನಿನಗ ಗೊತ್ತದ ಅಂತ ಇಷ್ಟು ವರ್ಷ ಯಾಕ ಹೇಳಲಿಲ್ಲ ಬೇ?”

“ನೀ ಎಂದರ ಕೇಳಿದಿಯೇನು? ಏನರ ಹೋತೇನವ್ವಾ ಅಂದಿ. ಅದಕ್ಕೊಂದೇ ಉತ್ತರ ಇತ್ತು.”

ಆ ಆಗಸ್ಟಿನಲ್ಲಿ ಹೊಳೆ ಮೂರನೆಯ ಪಾವಟಿಗೆ ಮುಟ್ಟಿ, ಅರ್ಧ ದಿನ ನಿಂತು, ಇಳಿದು ಹೋಯಿತು. ಕೇರಿ ಮಾತ್ರ ತಾಟು ಬಡಿದು ಗುಡ್ಡ ಹತ್ತಿಯೇ ಹತ್ತಿತು, ಒಂದು ತಾಸು ಹದಿನೆಂಟು ನಿಮಿಷದಲ್ಲಿ. ಬಡಿದದ್ದು ತಾಟಲ್ಲ. ಬೇವಿನ ಮರಕ್ಕೆ ಕಟ್ಟಿದ್ದ ಆ ನೀಲಿ ತಗಡು. ಮೂರು ಅಂಕಿಯ ಮೇಲೇ ಸೌಟಿನ ಪೆಟ್ಟು ಬಿದ್ದು ಬಿದ್ದು ಬಣ್ಣ ಹಾರಿತ್ತು. ತಬಸ್ಸುಮ್‌ಗೆ ಅಮಾನತಿನ ಕಾಗದ ಬಂದಾಗ ಅದರ ವಿಚಾರಣೆಗೆ ಅರವತ್ನಾಲ್ಕು ಮನೆಯವರು ಟ್ರ್ಯಾಕ್ಟರ್ ಹತ್ತಿ ಬಂದರು. ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇದೆ. ಅವರೂ ಬರುತ್ತಲೇ ಇದ್ದಾರೆ.

ಸೆಪ್ಟೆಂಬರಿನಲ್ಲಿ ಹೊಸ ಅಧಿಕಾರಿಯೊಬ್ಬ ಹೊಸ ಫಾರಮ್ಮು ಹಿಡಿದು ಹುಲಿಗೆಮ್ಮನ ಹೊಸ್ತಿಲ ಮುಂದೆ ನಿಂತ. ಮೊದಲ ಪ್ರಶ್ನೆ ಬದಲಾಗಿರಲಿಲ್ಲ.

“ನಿಮ್ಮ ಮನ್ಯಾಗ ಏನೇನು ಹೋಗ್ಯದ್ರೀ?”

ಹುಲಿಗೆಮ್ಮ ಮಣೆ ಸರಿಸಿ ಹಾಕಿದಳು.

“ನಮ್ಮ ಮನೀದು ನನಗೇನು ಕೇಳ್ತಿ? ಎದುರಮನೀದು ಕೇಳು. ಕುಂದ್ರು ಮೊದಲ. ಭಾಳ ಹೊತ್ತು ಹಿಡೀತದ.”